ಹೃದ್ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿದ ವೈದ್ಯ: ಡಾ. ಪಾಲ್ ಡಡ್ಲಿ ವೈಟ್

ಮನುಷ್ಯನಿಗೆ ಒಮ್ಮೆ ಹೃದಯದ ಬೇನೆ ತಗುಲಿತೆಂದರೆ ಅಲ್ಲಿಗೆ ಆತನ ದುಡಿಮೆಯ ಕಾಲ ಮುಗಿಯಿತೆಂದು ಜನರು ತಿಳಿಯುತ್ತಿದ್ದ ದಿನಗಳಿದ್ದವು. ಜನರು ಮಾತ್ರವಲ್ಲ, ವೈದ್ಯರಲ್ಲಿಯೂ ಬಹುಮಂದಿ ಹಾಗೆಯೇ ತಿಳಿದಿದ್ದರು. ರೋಗಿಯು ವಾರಗಟ್ಟಲೆ ಅಲುಗಾಡದೆ ಮಲಗಿರಬೇಕು. ಆಮೇಲೆಯೂ ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು. ಉದ್ಯೋಗವನ್ನು ಬಿಟ್ಟು ಮನೆಯ ಮೂಲೆಯಲ್ಲಿ ಕುಳಿತು ಉಳಿದ ದಿನಗಳನ್ನು ಎಣಿಸಬೇಕು. ಇದು ಅಂದಿನ ವಿಧಿ. ಸಿರಿವಂತನಿಗೆ ಈ ವಿಧಿಯು ಬೇಸರವನ್ನು ತಂದರೆ, ತಿಂಗಳ ಸಂಬಳವನ್ನೇ ನಂಬಿದ ಕೆಲಸಗಾರನಿಗೆ ಅದು ಮನೆಯ ಒಲೆಯನ್ನೇ ಆರಿಸುವ ಶಿಕ್ಷೆಯಾಗಿತ್ತು.

ಈ ಭಯವನ್ನು ಜನರ ಮನಸ್ಸಿನಿಂದ ಕಿತ್ತುಹಾಕಲು ತಮ್ಮ ದೀರ್ಘಾಯುಷ್ಯವನ್ನೇ ಸವೆಸಿದವರಲ್ಲಿ ಅಮೆರಿಕೆಯ ಡಾ. ಪಾಲ್ ಡಡ್ಲಿ ವೈಟ್ ಅವರು ಅಗ್ರಗಣ್ಯರು. ನಡಿಗೆಯೂ ಸೈಕಲ್ ಸವಾರಿಯೂ ಹೃದಯದ ಶತ್ರುಗಳಲ್ಲ, ಅದರ ಮಿತ್ರರು ಎಂಬುದನ್ನು ಅವರು ಬೋಧಿಸಿದರು, ಬೋಧಿಸಿದಂತೆಯೇ ನಡೆದರು. ಇಂದು ವೈದ್ಯರು ರಕ್ತದೊತ್ತಡದ ರೋಗಿಗೆ ಗುಳಿಗೆಯ ಚೀಟಿಯೊಡನೆ ನಿತ್ಯವೂ ಅರ್ಧ ಗಂಟೆ ನಡೆಯಿರೆಂದು ಹೇಳುತ್ತಾರಷ್ಟೆ. ಅಷ್ಟು ಸರಳವಾದ ಆ ಮಾತಿನ ಹಿಂದೆ ಎಂತಹ ಪರಿಶ್ರಮವಿದೆ ಎಂಬುದನ್ನು ತಿಳಿಯಬೇಕಾದರೆ ಈ ಮಹನೀಯರ ಜೀವನವನ್ನು ಒಮ್ಮೆ ಅವಲೋಕಿಸಬೇಕು.

ಕುದುರೆಗಾಡಿಯಲ್ಲಿ ಮೊದಲ ಪಾಠ

ಪಾಲ್ ವೈಟ್ ಅವರು ೧೮೮೬ನೆಯ ಇಸವಿಯ ಜೂನ್ ೬ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಬಾಸ್ಟನ್ ನಗರಕ್ಕೆ ಸೇರಿದ ರಾಕ್ಸ್‌ಬರಿಯಲ್ಲಿ ಜನಿಸಿದರು. ತಂದೆಯು ಮನೆಮನೆಗೆ ಹೋಗಿ ಚಿಕಿತ್ಸೆ ಮಾಡುವ ವೈದ್ಯರು. ಮೋಟಾರುಗಳು ಇನ್ನೂ ಬೀದಿಗಿಳಿಯದಿದ್ದ ಆ ಕಾಲದಲ್ಲಿ ಅವರು ಕುದುರೆಗಾಡಿಯನ್ನು ಹೂಡಿಕೊಂಡು ರೋಗಿಗಳನ್ನು ಕಾಣಲು ಹೊರಟಾಗ ಬಾಲಕ ಪಾಲನೂ ಜೊತೆಗೆ ಹೋಗುತ್ತಿದ್ದನು. ವೈದ್ಯವೃತ್ತಿಯೆಂದರೆ ಕೇವಲ ಔಷಧದ ಸೀಸೆಯಲ್ಲ, ರೋಗಿಯ ಮನೆಯನ್ನೂ ದುಡಿಮೆಯನ್ನೂ ಅರಿಯುವುದು ಎಂಬ ಮೊದಲ ಪಾಠವು ಆತನಿಗೆ ಆ ಗಾಡಿಯಲ್ಲಿಯೇ ದೊರೆಯಿತೆನ್ನಬಹುದು.

ರಾಕ್ಸ್‌ಬರಿಯ ಲ್ಯಾಟಿನ್ ಶಾಲೆಯಲ್ಲಿ ಓದಿ, ಹಾರ್ವರ್ಡ್ ಕಾಲೇಜನ್ನು ಸೇರಿ, ೧೯೦೮ರಲ್ಲಿ ಪದವಿಯನ್ನು ಪಡೆದರು. ೧೯೧೧ರಲ್ಲಿ ಹಾರ್ವರ್ಡಿನ ವೈದ್ಯಶಾಲೆಯಿಂದ ವೈದ್ಯರಾಗಿ ಹೊರಬಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನು ಸೇರಿದರು. ಎರಡೇ ವರ್ಷಗಳಲ್ಲಿ, ರಾಜರ್ ಲೀ ಎಂಬ ವೈದ್ಯರೊಡನೆ ಕೂಡಿ, ರಕ್ತವು ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಒಂದು ಸುಲಭ ವಿಧಾನವನ್ನು ಪ್ರಕಟಿಸಿದರು. ಲೀ–ವೈಟ್ ಪರೀಕ್ಷೆಯೆಂಬ ಹೆಸರಿನಿಂದ ಅದು ಬಹುಕಾಲ ಪ್ರಪಂಚದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು.

ಲಂಡನ್ನಿನ ಗುರು

೧೯೧೩ರಲ್ಲಿ ಅವರಿಗೆ ಇಂಗ್ಲೆಂಡಿಗೆ ಹೋಗಿ ಕಲಿಯುವ ಅವಕಾಶವೊದಗಿತು. ಆಗ ಲಂಡನ್ನಿನಲ್ಲಿ ತಾಮಸ್ ಲೂಯಿಸ್ ಎಂಬ ಮಹಾಪಂಡಿತರು ಹೃದಯದ ವಿದ್ಯುತ್ ಚಲನವನ್ನು ದಾಖಲೆಮಾಡುವ ಹೊಸ ಯಂತ್ರದಿಂದ ಸಂಶೋಧನೆ ನಡೆಸುತ್ತಿದ್ದರು. ಹಾಲೆಂಡಿನ ಐಂಥೋವೆನ್ ಅವರು ನಿರ್ಮಿಸಿದ ಆ ಯಂತ್ರವೇ ಇಂದು ನಾವು ಇ.ಸಿ.ಜಿ. ಎಂದು ಕರೆಯುವ ಸಾಧನದ ಮೂಲರೂಪ. ಆಗ ಅದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕುಳಿತಿರಬೇಕಾಗಿತ್ತು. ವೈಟ್ ಅವರು ಆ ವಿದ್ಯೆಯನ್ನು ಕಲಿತು ೧೯೧೪ರಲ್ಲಿ ಸ್ವದೇಶಕ್ಕೆ ಮರಳಿ, ತಮ್ಮ ಆಸ್ಪತ್ರೆಯಲ್ಲಿಯೇ ಹೃದಯಪರೀಕ್ಷೆಯ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿದರು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗಿತ್ತು. ರಣರಂಗದಿಂದ ಸಾವಿರಾರು ಯುವಕ ಸೈನಿಕರು ಎದೆ ಡವಗುಟ್ಟುವಿಕೆ, ಆಯಾಸ, ಉಸಿರಾಟದ ಕಷ್ಟಗಳೆಂದು ಆಸ್ಪತ್ರೆಗಳಿಗೆ ಬರತೊಡಗಿದರು. ಇವರೆಲ್ಲ ಹೃದ್ರೋಗಿಗಳೆಂದು ಬಗೆದು ಮಲಗಿಸಿಟ್ಟರೆ ಇವರು ಇನ್ನಷ್ಟು ನಿಶ್ಶಕ್ತರಾಗುವರೆಂಬುದನ್ನು ಲೂಯಿಸ್ ಅವರು ಕಂಡುಕೊಂಡು, ಹಂತಹಂತವಾಗಿ ಏರುವ ಅಂಗಸಾಧನೆಯನ್ನು ಮಾಡಿಸಿ ಅನೇಕರನ್ನು ಮರಳಿ ಕಾಲಮೇಲೆ ನಿಲ್ಲಿಸಿದರು. ಗುರುವಿನ ಈ ಅನುಭವವು ಶಿಷ್ಯನ ದಾರಿಗೂ ದೀಪವಾಯಿತು. ವೈಟ್ ಅವರೂ ಯುದ್ಧಕಾಲದಲ್ಲಿ ಫ್ರಾನ್ಸಿನ ಸೈನಿಕ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದರು.

ವಾಸ್ತವವಾಗಿ ಈ ವಿಚಾರವು ತೀರ ಹೊಸದೇನಲ್ಲ. ಎದೆಶೂಲೆಯನ್ನು ಮೊತ್ತಮೊದಲು ಸವಿಸ್ತಾರವಾಗಿ ವರ್ಣಿಸಿದ ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ತಮ್ಮ ರೋಗಿಯೊಬ್ಬನ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಆತನು ದಿನಕ್ಕೆ ಅರ್ಧ ಗಂಟೆ ಮರ ಕೊಯ್ಯುವ ನಿಯಮವನ್ನು ಹಾಕಿಕೊಂಡು, ಬಹುಮಟ್ಟಿಗೆ ಗುಣ ಹೊಂದಿದನಂತೆ. ಹೆಬರ್ಡನ್ನರ ಆ ಗ್ರಂಥವು ಅವರ ಮರಣಾನಂತರ ೧೮೦೨ರಲ್ಲಿ ಅಚ್ಚಾಯಿತು. ಆದರೆ ಮುಂದಿನ ವೈದ್ಯರು ಆ ಮರ ಕೊಯ್ಯುವವನನ್ನು ಮರೆತು, ಮಂಚವನ್ನು ಮಾತ್ರ ನೆನಪಿಟ್ಟರು.

ಕೀರ್ತಿಯೂ ಒಂದು ತಪ್ಪೂ

೧೯೨೪ರಲ್ಲಿ ಅಮೆರಿಕದ ಹೃದಯ ಸಂಘವು ಸ್ಥಾಪಿತವಾದಾಗ ಅದರ ಸ್ಥಾಪಕರಲ್ಲಿ ವೈಟ್ ಅವರೂ ಒಬ್ಬರು. ಅದೇ ವರ್ಷದಲ್ಲಿ ಐನಾ ರೀಡ್ ಎಂಬ ಸಮಾಜಸೇವಕಿಯನ್ನು ವಿವಾಹವಾದರು. ೧೯೩೦ರಲ್ಲಿ ಲೂಯಿಸ್ ವುಲ್ಫ್ ಮತ್ತು ಲಂಡನ್ನಿನ ಜಾನ್ ಪಾರ್ಕಿನ್ಸನ್ ಅವರೊಡನೆ ಕೂಡಿ, ಆರೋಗ್ಯವಂತರಂತೆ ಕಾಣುವ ತರುಣರಲ್ಲಿ ಇದ್ದಕ್ಕಿದ್ದಂತೆ ಹೃದಯವು ಅತಿವೇಗದಿಂದ ಬಡಿದುಕೊಳ್ಳುವ ಒಂದು ವಿಲಕ್ಷಣ ಸ್ಥಿತಿಯನ್ನು ವರ್ಣಿಸಿದರು. ಈ ಮೂವರ ಹೆಸರುಗಳನ್ನು ಹೊತ್ತ ಆ ರೋಗವನ್ನು ಇಂದಿಗೂ ವೈದ್ಯವಿದ್ಯಾರ್ಥಿಗಳು ಕಲಿಯುತ್ತಾರೆ. ೧೯೩೧ರಲ್ಲಿ ಹೃದ್ರೋಗಗಳ ಕುರಿತು ಅವರು ಬರೆದ ಬೃಹದ್ಗ್ರಂಥವು ಪ್ರಕಟವಾಗಿ, ಅನೇಕ ದೇಶಗಳಲ್ಲಿ ಪ್ರಮಾಣಗ್ರಂಥವೆಂಬ ಮನ್ನಣೆಯನ್ನು ಪಡೆಯಿತು.

ಆದರೆ ಪಂಡಿತರೂ ತಪ್ಪಬಲ್ಲರು. ಅದೇ ೧೯೩೧ರಲ್ಲಿ ವೈಟ್ ಅವರು ಏರಿದ ರಕ್ತದೊತ್ತಡವನ್ನು ಕುರಿತು ಬರೆಯುತ್ತ, ಅದು ದೇಹವು ತನ್ನ ಅನುಕೂಲಕ್ಕಾಗಿಯೇ ಮಾಡಿಕೊಂಡ ಏರ್ಪಾಡಾಗಿರಬಹುದು, ಅದನ್ನು ತಗ್ಗಿಸುವ ಉಪಾಯವು ದೊರೆತರೂ ಕೈಹಾಕದಿರುವುದು ಲೇಸು ಎಂಬ ಅಭಿಪ್ರಾಯವನ್ನು ಸೂಚಿಸಿದ್ದರು. ಅಂದಿನ ಬಹುಮಂದಿ ವೈದ್ಯರ ತಿಳಿವಳಿಕೆಯೂ ಅದೇ ಆಗಿತ್ತು. ಈ ತಿಳಿವಳಿಕೆಗೆ ತೆತ್ತ ಬೆಲೆಯು ಅಲ್ಪವಲ್ಲ. ೧೯೪೫ರ ಏಪ್ರಿಲಿನಲ್ಲಿ ಅಮೆರಿಕೆಯ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಅತಿಯಾದ ರಕ್ತದೊತ್ತಡದಿಂದ ಮಿದುಳಿನ ನಾಳವು ಒಡೆದು ಮೃತರಾದರು. ಲೋಕದ ಮಹಾಶಕ್ತಿಯೊಂದರ ನಾಯಕನಿಗೂ ಅದನ್ನು ತಗ್ಗಿಸುವ ತಕ್ಕ ಮದ್ದು ಆಗ ಇರಲಿಲ್ಲ.

ವೈಟ್ ಅವರ ಹಿರಿಮೆಯಿರುವುದು ತಪ್ಪೇ ಮಾಡಲಿಲ್ಲವೆಂಬುದರಲ್ಲಿ ಅಲ್ಲ. ಊಹೆಯನ್ನು ಬಿಟ್ಟು ಪ್ರತ್ಯಕ್ಷ ಪ್ರಮಾಣವನ್ನು ಹುಡುಕುವ ಕಾರ್ಯಕ್ಕೆ ಹೆಗಲು ಕೊಟ್ಟುದರಲ್ಲಿ. ೧೯೪೮ರಲ್ಲಿ ಅಮೆರಿಕ ಸರಕಾರವು ರಾಷ್ಟ್ರೀಯ ಹೃದಯ ಸಂಸ್ಥೆಯನ್ನು ಸ್ಥಾಪಿಸಿದಾಗ ಅದರ ಮುಖ್ಯ ಸಲಹೆಗಾರರಲ್ಲಿ ಅವರೊಬ್ಬರಾದರು. ಅದೇ ವರ್ಷ ಬಾಸ್ಟನ್ನಿನ ಸಮೀಪದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೫,೨೦೯ ಮಂದಿ ಸ್ತ್ರೀಪುರುಷರನ್ನು ಎರಡು ವರುಷಗಳಿಗೊಮ್ಮೆ ಪರೀಕ್ಷಿಸುತ್ತ ಹೋಗುವ ಮಹಾ ಅಧ್ಯಯನವು ಆರಂಭವಾಯಿತು. ಅದಕ್ಕೂ ವೈಟ್ ಅವರ ಬೆಂಬಲವಿತ್ತು. ಏರಿದ ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು, ಧೂಮಪಾನ ಇವು ಹೃದ್ರೋಗಕ್ಕೆ ದಾರಿಯಾಗುವವೆಂಬುದು ಆ ಊರಿನ ಸಾಮಾನ್ಯ ಜನರಿಂದಲೇ ಲೋಕಕ್ಕೆ ತಿಳಿದುಬಂತು. ಹಳೆಯ ನಂಬಿಕೆಯು ಹಾಗೆ ಬಿದ್ದುಹೋಯಿತು.

ಅಧ್ಯಕ್ಷರ ಮಂಚದ ಬಳಿ

ವೈಟ್ ಅವರ ಹೆಸರು ಮನೆಮಾತಾದುದು ೧೯೫೫ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಅಧ್ಯಕ್ಷ ಐಸೆನ್‌ಹೋವರ್ ಅವರು ಕೊಲೊರಾಡೊ ಸಂಸ್ಥಾನದ ಡೆನ್ವರಿನಲ್ಲಿ ವಿಶ್ರಾಂತಿಗಾಗಿ ತಂಗಿದ್ದರು. ೨೩ನೆಯ ತಾರೀಖಿನ ಹಗಲೆಲ್ಲ ಗಾಲ್ಫ್ ಆಡಿದ ಅವರಿಗೆ ಆ ನಡುರಾತ್ರಿಯ ಅನಂತರ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಹೊರಬಿದ್ದ ಸುದ್ದಿಯೇನೆಂದರೆ, ಅಧ್ಯಕ್ಷರಿಗೆ ಅಜೀರ್ಣವಾಗಿದೆ ಎಂಬುದು. ೨೪ರ ಮಧ್ಯಾಹ್ನವಷ್ಟೇ ಅದು ಹೃದಯಾಘಾತವೆಂದು ಪ್ರಕಟವಾಯಿತು. ಎದೆಯ ನೋವನ್ನು ಹೊಟ್ಟೆಯ ವಾಯುವೆಂದು ಬಗೆದು ಸೋಡಾ ಕುಡಿದು ಮಲಗುವವರು ನಮ್ಮಲ್ಲಿಯೂ ಎಷ್ಟೋ ಮಂದಿ. ಎದೆಯ ನಡುವೆ ಭಾರವಿಟ್ಟಂತಾಗಿ, ಬೆವರೊಡೆದು, ನೋವು ತೋಳಿಗೋ ದವಡೆಗೋ ಹರಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕೆಂಬುದನ್ನು ಈ ಪ್ರಸಂಗದಿಂದ ಮನಗಾಣಬೇಕು.

ಸೆಪ್ಟೆಂಬರ್ ೨೬, ಸೋಮವಾರ, ನ್ಯೂಯಾರ್ಕಿನ ಷೇರುಪೇಟೆಯು ಶೇಕಡಾ ಆರಕ್ಕಿಂತಲೂ ಹೆಚ್ಚು ಕುಸಿಯಿತು. ಬಾಸ್ಟನ್ನಿನಿಂದ ವಿಮಾನದಲ್ಲಿ ಡೆನ್ವರಿಗೆ ಬಂದಿದ್ದ ವೈಟ್ ಅವರು ಅದೇ ದಿನ ಪತ್ರಕರ್ತರ ಮುಂದೆ ನಿಂತು, ಹೃದಯದ ಧಮನಿ ಎಂದರೇನು, ಅದರಲ್ಲಿ ರಕ್ತವು ಹೆಪ್ಪುಗಟ್ಟಿದರೆ ಸ್ನಾಯುವಿಗೆ ಏನಾಗುತ್ತದೆ, ಆ ಗಾಯವು ಹೇಗೆ ಮಾಯುತ್ತದೆ ಎಂಬುದನ್ನೆಲ್ಲ ಶಾಲೆಯ ಉಪಾಧ್ಯಾಯರಂತೆ ವಿವರಿಸಿದರು. ಏನನ್ನೂ ಮುಚ್ಚಿಡಲಿಲ್ಲ, ಅಧ್ಯಕ್ಷರ ಮಲವಿಸರ್ಜನೆಯ ಸಮಾಚಾರವನ್ನೂ ಹೇಳಿದರು. ಕೆಲವರು ಮೂಗು ಮುರಿದರಾದರೂ, ಹೃದಯಾಘಾತವೆಂಬುದು ಗುಟ್ಟಾಗಿ ಪಿಸುಗುಟ್ಟುವ ಶಾಪವಲ್ಲ, ತಿಳಿದು ಎದುರಿಸಬಹುದಾದ ಕಾಯಿಲೆಯೆಂದು ಕೋಟ್ಯಂತರ ಜನರಿಗೆ ಅಂದು ಅರಿವಾಯಿತು.

ಗಾಯವು ಮಾಯುವ ವಿಚಾರದಲ್ಲಿ ವೈಟ್ ಅವರಿಗೆ ಸ್ವಂತ ಅನುಭವವಿತ್ತು. ೧೯೩೯ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಆಘಾತದಿಂದ ಮೃತರಾದ ೭೨ ಮಂದಿಯ ಹೃದಯಗಳನ್ನು ಪರೀಕ್ಷಿಸಿ, ಗಾಯವು ಮಾಯಲು ಕೆಲವು ವಾರಗಳು ಬೇಕಾಗುತ್ತವೆಯೆಂದು ತೋರಿಸಿದ್ದರು. ವಾರಗಳ ವಿಶ್ರಾಂತಿ ಸರಿ, ಆದರೆ ಜೀವಾವಧಿಯ ವಿಶ್ರಾಂತಿ ಬೇಕಿಲ್ಲ ಎಂಬುದು ಅದರಿಂದ ಹೊರಟ ತಾತ್ಪರ್ಯ. ಐಸೆನ್‌ಹೋವರ್ ಅವರು ಸುಮಾರು ಏಳು ವಾರ ಆಸ್ಪತ್ರೆಯಲ್ಲಿದ್ದರು. ಇಂದಾದರೋ ತೊಡಕಿಲ್ಲದ ರೋಗಿಯನ್ನು ವೈದ್ಯರು ಒಂದೆರಡು ದಿನಗಳಲ್ಲಿಯೇ ಎಬ್ಬಿಸಿ ನಡೆಸುತ್ತಾರೆ.

ಅಧ್ಯಕ್ಷರು ಮರಳಿ ಕೆಲಸಕ್ಕೆ ಬರಬಲ್ಲರೇ ಎಂಬುದು ಮುಂದಿನ ಪ್ರಶ್ನೆ. ವೈಟ್ ಅವರು ಹಿತಮಿತವಾದ ನಡಿಗೆಯನ್ನೂ ಗಾಲ್ಫ್ ಆಟವನ್ನೂ ತೂಕದ ಹತೋಟಿಯನ್ನೂ ವಿಧಿಸಿದರು. ೧೯೫೬ರ ಫೆಬ್ರವರಿಯಲ್ಲಿ ವೈದ್ಯರು ಅನುಕೂಲವಾದ ಅಭಿಪ್ರಾಯವನ್ನು ನೀಡಿದರು. ನವೆಂಬರಿನ ಚುನಾವಣೆಯಲ್ಲಿ ಐಸೆನ್‌ಹೋವರ್ ಅವರು ಮತ್ತೆ ಗೆದ್ದರು. ೧೯೫೯ರ ಡಿಸೆಂಬರಿನಲ್ಲಿ ಅವರು ನಮ್ಮ ದಿಲ್ಲಿಗೆ ಬಂದಾಗ ಬೀದಿಯ ಇಕ್ಕೆಲಗಳಲ್ಲಿ ಕಿಕ್ಕಿರಿದು ನಿಂತು ಸ್ವಾಗತಿಸಿದ ಲಕ್ಷಾಂತರ ಜನರ ಮುಂದೆ ಸಾಗಿದವರು, ನಾಲ್ಕು ವರ್ಷಗಳ ಹಿಂದೆ ಲೋಕವು ಆಸೆ ಬಿಟ್ಟಿದ್ದ ಹೃದ್ರೋಗಿಯೇ ಆಗಿದ್ದರು. ಮುಂದೆ ಮತ್ತಷ್ಟು ಆಘಾತಗಳನ್ನು ಅನುಭವಿಸಿ ೧೯೬೯ರ ಮಾರ್ಚಿಯಲ್ಲಿ ಅವರು ತೀರಿಕೊಂಡರು. ಮೊದಲ ಆಘಾತದ ಅನಂತರ ಅವರಿಗೆ ದೊರೆತ ಆಯುಷ್ಯ ಹದಿಮೂರು ವರ್ಷಗಳಿಗಿಂತಲೂ ಹೆಚ್ಚು.

ಕಂಪೋಜಿಟರನ ಹೃದಯ

ವೈಟ್ ಅವರ ಅಧ್ಯಯನಗಳಲ್ಲಿ ಅತ್ಯಂತ ಮನೋರಂಜಕವಾದುದು ಒಬ್ಬ ಕೆಲಸಗಾರನ ಕಥೆ. ಕ್ಲಾರೆನ್ಸ್ ಡಿಮಾರ್ ಎಂಬಾತನು ಮುದ್ರಣಾಲಯಗಳಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಂಪೋಜಿಟರ್. ಮೈಲುಗಟ್ಟಲೆ ಓಡುವುದು ಆತನ ಹವ್ಯಾಸ. ಕೆಲಸಕ್ಕೂ ಓಡಿಯೇ ಹೋಗುತ್ತಿದ್ದನು. ಹೃದಯದಲ್ಲಿ ಮರ್ಮರಶಬ್ದವಿದೆ, ಓಟವನ್ನು ಬಿಡಬೇಕು ಎಂದು ವೈದ್ಯರು ತಾರುಣ್ಯದಲ್ಲಿಯೇ ಆತನನ್ನು ಎಚ್ಚರಿಸಿದರು. ಆತನು ಬಿಡಲಿಲ್ಲ. ೧೯೧೧ರಲ್ಲಿ ಬಾಸ್ಟನ್ನಿನ ಪ್ರಸಿದ್ಧ ಮ್ಯಾರಥಾನ್ ಓಟವನ್ನು ಗೆದ್ದನು. ಅದು ಇಪ್ಪತ್ತಕ್ಕೂ ಹೆಚ್ಚು ಮೈಲಿಗಳ ಓಟ. ಬಳಿಕ ಕೆಲವು ವರ್ಷಗಳ ವಿರಾಮದ ಅನಂತರ ಮತ್ತೆ ಕಣಕ್ಕಿಳಿದು, ೧೯೩೦ರೊಳಗೆ ಒಟ್ಟು ಏಳು ಬಾರಿ ಅದೇ ಓಟವನ್ನು ಗೆದ್ದನು. ಕೊನೆಯ ಬಾರಿ ಗೆದ್ದಾಗ ಆತನಿಗೆ ನಲವತ್ತೊಂದು ವರ್ಷ.

೧೯೫೮ರಲ್ಲಿ ಎಪ್ಪತ್ತು ವರ್ಷದ ಡಿಮಾರನು ಮೃತನಾದುದು ಕ್ಯಾನ್ಸರ್ ರೋಗದಿಂದಲೇ ಹೊರತು ಹೃದಯದಿಂದಲ್ಲ. ಆತನ ಹೃದಯವನ್ನು ಪರೀಕ್ಷಿಸಿ ವೈಟ್ ಮತ್ತು ಅವರ ಸಹೋದ್ಯೋಗಿ ಕರೆನ್ಸ್ ಅವರು ೧೯೬೧ರಲ್ಲಿ ವರದಿಯನ್ನು ಪ್ರಕಟಿಸಿದರು. ಹೃದಯಕ್ಕೆ ರಕ್ತವನ್ನು ಒದಗಿಸುವ ಆತನ ಧಮನಿಗಳ ವ್ಯಾಸವು ಸಾಮಾನ್ಯ ಮನುಷ್ಯನದರ ಎರಡು ಮೂರರಷ್ಟಿದ್ದಿತು. ವಯೋಧರ್ಮದಿಂದ ಗೋಡೆಗಳಲ್ಲಿ ಕೊಬ್ಬು ಸ್ವಲ್ಪ ಕಟ್ಟಿಕೊಂಡಿತ್ತಾದರೂ, ನಾಳಗಳು ಅಷ್ಟು ವಿಶಾಲವಾಗಿದ್ದುದರಿಂದ ರಕ್ತದ ಹರಿವಿಗೆ ಅಡ್ಡಿಯಾಗಿರಲಿಲ್ಲ. ಓಡಬೇಡವೆಂದು ಹೇಳಿದ ವೈದ್ಯರಿಗೆ ಆ ಕಂಪೋಜಿಟರನು ಸತ್ತ ಮೇಲೆ ಉತ್ತರ ಕೊಟ್ಟಂತಾಯಿತು. ಒಬ್ಬನ ಹೃದಯದಿಂದ ಎಲ್ಲರಿಗೂ ನಿಯಮ ಮಾಡಲಾಗದು, ನಿಜ. ಆದರೆ ಓಟವು ಹೃದಯವನ್ನು ಸವೆಸಿಬಿಡುತ್ತದೆಂಬ ಹಳೆಯ ಅಂಜಿಕೆಗೆ ಇದು ದೊಡ್ಡ ಪೆಟ್ಟು.

ಇದಕ್ಕೆ ಮುಂಚೆ, ೧೯೫೮ರಲ್ಲಿ, ಹಾರ್ವರ್ಡಿನ ಹಳೆಯ ಫುಟ್‌ಬಾಲ್ ಆಟಗಾರರನ್ನು ಕುರಿತ ಅಧ್ಯಯನವೊಂದನ್ನೂ ವೈಟ್ ಅವರು ಪ್ರಕಟಿಸಿದ್ದರು. ತಾರುಣ್ಯದಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದವರೇ. ಆದರೆ ಮಧ್ಯವಯಸ್ಸಿನಲ್ಲಿಯೂ ವ್ಯಾಯಾಮವನ್ನು ಬಿಡದೆ ನಡೆಸಿದವರಲ್ಲಿ ಹೃದ್ರೋಗವು ವಿರಳ. ಬಿಟ್ಟು ಕುಳಿತವರಲ್ಲಿ ಅಧಿಕ. ಊರಿನಲ್ಲಿ ಗದ್ದೆ ಉತ್ತಿದ್ದೆ, ಕಬಡ್ಡಿ ಆಡಿದ್ದೆ ಎಂಬ ಹಳೆಯ ಕಥೆಯು ಇಂದಿನ ಹೃದಯವನ್ನು ಕಾಯಲಾರದೆಂಬುದು ಇದರ ಸಾರ. ವ್ಯಾಯಾಮವು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನುವ ಠೇವಣಿಯಲ್ಲ. ಅಂದಂದಿಗೆ ಬೇಯಿಸಿ ಉಣ್ಣಬೇಕಾದ ಅನ್ನ.

ಬಸ್ಸಿನ ಕಂಡಕ್ಟರರೂ ಐರ್ಲೆಂಡಿನ ಸಹೋದರರೂ

ಅದೇ ಕಾಲದಲ್ಲಿ ಬೇರೆಡೆಗಳಿಂದಲೂ ಸಾಕ್ಷ್ಯ ಬರತೊಡಗಿತು. ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ನಗರದ ಸಾರಿಗೆ ನೌಕರರ ಹೃದ್ರೋಗದ ಲೆಕ್ಕವನ್ನು ೧೯೫೩ರಲ್ಲಿ ಪ್ರಕಟಿಸಿದರು. ಮುಂಬಯಿಯ ಡಬಲ್ ಡೆಕ್ಕರ್ ಬಸ್ಸನ್ನು ಕಂಡವರಿಗೆ ಈ ಚಿತ್ರವು ಸುಲಭವಾಗಿ ಕಣ್ಣಿಗೆ ಕಟ್ಟುವುದು. ಚಾಲಕನು ಪಾಳಿಯುದ್ದಕ್ಕೂ ಕುಳಿತೇ ಇರುತ್ತಾನೆ. ಕಂಡಕ್ಟರನು ಮೇಲಂತಸ್ತಿಗೆ ಹತ್ತಿ ಇಳಿದು ದಿನಕ್ಕೆ ಐದಾರುನೂರು ಮೆಟ್ಟಿಲುಗಳನ್ನು ತುಳಿಯುತ್ತಾನೆ. ಇಬ್ಬರದೂ ಒಂದೇ ಬಸ್ಸು, ಒಂದೇ ಹೊಗೆ. ಆದರೂ ಕಂಡಕ್ಟರರಲ್ಲಿ ಹೃದಯಾಘಾತವು ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಸಾವೂ ಕಡಿಮೆಯಿತ್ತು. ಕಾಗದಗಳನ್ನು ಹಂಚುತ್ತ ನಡೆಯುವ ಅಂಚೆಯವರಿಗೂ ಕುಳಿತು ಬರೆಯುವ ಗುಮಾಸ್ತರಿಗೂ ಇದೇ ಬಗೆಯ ಅಂತರ ಕಂಡಿತು. ಚಾಲಕರ ಸಮವಸ್ತ್ರದ ಸೊಂಟದ ಅಳತೆಯು ಮೊದಲಿನಿಂದಲೇ ದೊಡ್ಡದೆಂಬುದನ್ನು ಮಾರಿಸ್ ಅವರೇ ಮುಂದೆ ತೋರಿಸಿದರು. ಆದುದರಿಂದ ಎಲ್ಲವನ್ನೂ ಮೆಟ್ಟಿಲುಗಳಿಗೇ ಆರೋಪಿಸಲಾಗದು. ಆದರೆ ಅನಂತರದ ಎಷ್ಟೋ ಅಧ್ಯಯನಗಳು ಅದೇ ದಿಕ್ಕಿಗೆ ಬೆರಳು ತೋರಿದವು.

ಪರಸ್ಥಳದಲ್ಲಿರುವ ನಮಗೆ ಇನ್ನೊಂದು ಅಧ್ಯಯನವು ಮನಮುಟ್ಟುವಂತಿದೆ. ವೈಟ್ ಅವರ ಬಾಸ್ಟನ್ ನಗರಕ್ಕೆ ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಬಂದು ನೆಲಸಿದವರು ಬಹಳ. ಹಾರ್ವರ್ಡಿನ ವಿದ್ವಾಂಸರು ಹೀಗೆ ವಲಸೆ ಬಂದವರನ್ನು ಊರಿನಲ್ಲಿಯೇ ಉಳಿದ ಅವರ ಒಡಹುಟ್ಟಿದ ಸಹೋದರರೊಡನೆ ಹೋಲಿಸಿ ೧೯೭೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಊರಿನಲ್ಲುಳಿದವರು ಹೆಚ್ಚು ಉಣ್ಣುತ್ತಿದ್ದರು, ಬೆಣ್ಣೆಯನ್ನೂ ಧಾರಾಳವಾಗಿ ತಿನ್ನುತ್ತಿದ್ದರು. ಆದರೂ ಪಟ್ಟಣ ಸೇರಿದ ಅಣ್ಣತಮ್ಮಂದಿರಿಗಿಂತ ಅವರ ಮೈತೂಕ ಕಡಿಮೆ. ಹೊಲಮನೆಗಳಲ್ಲಿ ಅವರು ಪಡುತ್ತಿದ್ದ ದೈಹಿಕ ಶ್ರಮವೇ ಇದಕ್ಕೆ ಕಾರಣವೆಂದು ಆ ವಿದ್ವಾಂಸರು ತರ್ಕಿಸಿದರು. ಒಂದೇ ತಾಯಿಯ ಮಕ್ಕಳು, ಒಂದೇ ರಕ್ತ. ಬದಲಾದುದು ಬದುಕಿನ ರೀತಿ.

ವ್ಯಾಯಾಮವು ದೇಹದಲ್ಲಿ ಮಾಡುವುದೇನು?

ವೈಟ್ ಅವರು ಕಾಲಿನ ಸ್ನಾಯುಗಳಿಗೆ ಬಹಳ ಮಹತ್ವ ಕೊಡುತ್ತಿದ್ದರು. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಗ್ಗಿ ಕುಗ್ಗಿ, ಕೆಳಗಿಳಿದ ರಕ್ತವನ್ನು ಮರಳಿ ಹೃದಯದತ್ತ ತಳ್ಳುತ್ತವೆ. ಹೃದಯದ ಹೊರೆ ಹಗುರಾಗುತ್ತದೆ. ೧೯೬೮ರಲ್ಲಿ ಅಮೆರಿಕೆಯ ಕೆನೆತ್ ಕೂಪರ್ ಅವರ ಪುಸ್ತಕದಿಂದ ಪ್ರಸಿದ್ಧಿಗೆ ಬಂದ ಏರೋಬಿಕ್ ವ್ಯಾಯಾಮವೆಂಬ ಹೆಸರು ಇದೇ ಬಗೆಯ ಶ್ರಮಕ್ಕೆ ಸಲ್ಲುವುದು. ಬಿರುನಡಿಗೆ, ಸೈಕಲ್, ಈಜು, ಮೆಲ್ಲೋಟ ಮುಂತಾದ, ಉಸಿರು ಏರಿಸುವ ಆದರೆ ಉಸಿರುಗಟ್ಟಿಸದ ವ್ಯಾಯಾಮವೇ ಅದು.

ಅಭ್ಯಾಸವಾದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಚಿಮ್ಮಿಸುವುದರಿಂದ ವಿಶ್ರಾಂತಿಯಲ್ಲಿ ಕಡಿಮೆ ಬಾರಿ ಬಡಿದರೆ ಸಾಕಾಗುತ್ತದೆ. ನಿಮಿಷಕ್ಕೆ ೭೦ ಬಾರಿ ಬಡಿಯುತ್ತಿದ್ದ ಹೃದಯವು ೬೦ಕ್ಕೆ ಇಳಿದರೆ ದಿನವೊಂದಕ್ಕೆ ೧೪,೪೦೦ ಬಡಿತಗಳ ಉಳಿತಾಯ. ರಕ್ತನಾಳಗಳ ಒಳಪದರವು ವ್ಯಾಯಾಮದಿಂದ ಚುರುಕಾಗಿ, ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಹೆಚ್ಚು ಸ್ರವಿಸುತ್ತದೆ. ಅದರಿಂದ ನಾಳಗಳು ಸಡಿಲಗೊಂಡು ರಕ್ತದ ದಾರಿಯು ಅಗಲವಾಗುತ್ತದೆ. ನಾಳಗಳನ್ನು ಬಿಗಿಗೊಳಿಸುವ ನರಗಳ ಉದ್ರೇಕವೂ ತಗ್ಗುತ್ತದೆ. ವ್ಯಾಯಾಮ ಮಾಡುವ ಹೊತ್ತಿನಲ್ಲಿ ರಕ್ತದೊತ್ತಡವು ಏರುವುದು ಸಹಜವಾದರೂ, ಮುಗಿದ ಮೇಲೆ ಕೆಲವು ಗಂಟೆಗಳವರೆಗೆ ಅದು ಮೊದಲಿಗಿಂತಲೂ ಕೆಳಗಿರುತ್ತದೆ. ವಾರಗಟ್ಟಲೆ ಬಿಡದೆ ಮಾಡಿದರೆ, ಏರಿದ ರಕ್ತದೊತ್ತಡವಿರುವವರಲ್ಲಿ ಮೇಲಿನ ಅಂಕೆಯು ಸರಾಸರಿ ೫ರಿಂದ ೮ ಮಿಲಿಮೀಟರಿನಷ್ಟು ಇಳಿಯುತ್ತದೆ. ಇದು ಕಿರಿದೆಂದು ತೋರಬಹುದು. ಆದರೆ ವರ್ಷಗಳ ಲೆಕ್ಕದಲ್ಲಿ ಪಾರ್ಶ್ವವಾಯುವಿನ ಮತ್ತು ಹೃದಯಾಘಾತದ ಭಯವನ್ನು ಕುಗ್ಗಿಸಲು ಇದೇ ಬಹಳ.

ನಮ್ಮವರ ಮಟ್ಟಿಗೆ

ದಿನವಿಡೀ ನಿಂತು ದುಡಿಯುವ ತಮಗೆ ವ್ಯಾಯಾಮವೇಕೆಂದು ಹೋಟೆಲಿನ ಬಂಧುಗಳು ಕೇಳಬಹುದು. ತಟ್ಟೆ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುವ ಮಾಣಿಯು ಲಂಡನ್ನಿನ ಕಂಡಕ್ಟರನಿಗೆ ಸಮೀಪದವನು. ಆದರೆ ಕಾವಲಿಯ ಬಿಸಿಯ ಮುಂದೆ ಒಂದೇ ಕಡೆ ನಿಂತಿರುವ ದೋಸೆಯ ಭಟ್ಟರಿಗೂ, ಗಲ್ಲಾದ ಮುಂದೆ ಕುಳಿತಿರುವವರಿಗೂ ದಣಿವುಂಟು, ವ್ಯಾಯಾಮವಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ. ನಿಂತಲ್ಲಿಯೇ ನಿಂತ ಕಾಲಿನಲ್ಲಿ ರಕ್ತವು ಕೆಳಗೆ ನಿಂತು ನರಗಳು ಉಬ್ಬುತ್ತವೆ. ನಡೆಯುವ ಕಾಲು ಅದನ್ನು ಮೇಲಕ್ಕೆ ಕಳುಹಿಸುತ್ತದೆ. ಕಚೇರಿಯ ಗುಮಾಸ್ತರ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ; ರೈಲಿನಲ್ಲಿ ನಿಂತು, ಕುರ್ಚಿಯಲ್ಲಿ ಕುಳಿತು, ಚಾಪೆಯ ಮೇಲೆ ಮಲಗುವುದರಲ್ಲಿಯೇ ಅವರ ದಿನ ಮುಗಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ಶ್ರಮವನ್ನು ಹೇಳಿದೆ. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಅದನ್ನು ತುಂಡು ತುಂಡಾಗಿಯೂ ಮಾಡಬಹುದು. ಒಂದು ನಿಲ್ದಾಣ ಮೊದಲೇ ಬಸ್ಸಿನಿಂದಿಳಿದು ನಡೆಯುವುದು, ಲಿಫ್ಟನ್ನು ಬಿಟ್ಟು ಮೆಟ್ಟಿಲು ಹತ್ತುವುದು, ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷ ಬಿರುಸಾಗಿ ಸುತ್ತಿ ಬರುವುದು, ಇವಕ್ಕೆ ಕಾಸು ಬೇಕಿಲ್ಲ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗದ ಗುರುತು. ಆದರೆ ಈ ಮೊದಲೇ ಹೃದಯದ ತೊಂದರೆಯುಳ್ಳವರೂ, ಬಹುಕಾಲ ಕುಳಿತೇ ಇದ್ದವರೂ ವೈದ್ಯರನ್ನು ಕೇಳಿ ನಿಧಾನವಾಗಿ ಆರಂಭಿಸತಕ್ಕದ್ದು. ನಡಿಗೆ ಆರಂಭಿಸಿದೆನೆಂದು ರಕ್ತದೊತ್ತಡದ ಗುಳಿಗೆಯನ್ನು ತಾನಾಗಿ ನಿಲ್ಲಿಸಲಾಗದು. ಬೀಡಿ ಸಿಗರೇಟುಗಳನ್ನು ಸೇದುತ್ತ ನಡೆದರೆ ಗಳಿಸಿದುದನ್ನು ಅಲ್ಲಿಯೇ ಕಳೆದಂತೆ.

ಕಡೆಯ ದಿನಗಳು

ವೈಟ್ ಅವರ ಕುತೂಹಲಕ್ಕೆ ಎಲ್ಲೆಯಿರಲಿಲ್ಲ. ಆನೆಯ ಹೃದಯದ ವಿದ್ಯುಲ್ಲೇಖವನ್ನು ತೆಗೆದರು. ೧೯೫೬ರಲ್ಲಿ ಮೆಕ್ಸಿಕೋದ ಕರಾವಳಿಗೆ ಹೋಗಿ ಕಡಲಿನ ತಿಮಿಂಗಿಲದ ಹೃದಯಬಡಿತವನ್ನು ಹಿಡಿಯಲು ದೋಣಿಯಲ್ಲಿ ಬೆನ್ನಟ್ಟಿದರು. ಶೀತಲಯುದ್ಧದ ದಿನಗಳಲ್ಲಿ ರಷ್ಯಕ್ಕೆ ಹೋಗಿ ಅಲ್ಲಿಯ ವೈದ್ಯರೊಡನೆ ಸ್ನೇಹ ಬೆಳೆಸಿದರು. ೧೯೭೧ರಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ಚೀಣಕ್ಕೂ ಹೋಗಿಬಂದರು. ೧೯೬೪ರಲ್ಲಿ ಅವರಿಗೆ ಅಮೆರಿಕೆಯ ಅತ್ಯುನ್ನತ ನಾಗರಿಕ ಪದಕವು ಸಂದಿತು. ಈ ಎಲ್ಲ ಗೌರವಗಳ ನಡುವೆಯೂ ಸೈಕಲ್ಲನ್ನು ಮಾತ್ರ ಬಿಡಲಿಲ್ಲ. ಮೋಟಾರುಗಳ ದೇಶವಾದ ಅಮೆರಿಕೆಯಲ್ಲಿ ದೊಡ್ಡವರು ಸೈಕಲ್ ಹತ್ತುವುದು ಅಪರೂಪವಾಗಿದ್ದಾಗ, ದೇಶದ ಅಧ್ಯಕ್ಷರ ವೈದ್ಯರೇ ಪೆಡಲು ತುಳಿಯುತ್ತ ಹೋಗುವುದನ್ನು ಕಂಡು ಜನರು ಬೆರಗಾದರು, ಅನೇಕರು ಅನುಸರಿಸಿದರು.

೧೯೭೩ರ ಅಕ್ಟೋಬರ್ ೩೧ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ, ಬಾಸ್ಟನ್ನಿನಲ್ಲಿ ಅವರು ನಿಧನ ಹೊಂದಿದರು. ೧೯೮೬ರಲ್ಲಿ ಅವರ ಜನ್ಮಶತಮಾನೋತ್ಸವದ ವರ್ಷ ಅಮೆರಿಕದ ಅಂಚೆ ಇಲಾಖೆಯು ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಆದರೆ ಅವರ ನಿಜವಾದ ಸ್ಮಾರಕವಿರುವುದು ಬಾಸ್ಟನ್ನಿನ ಚಾರ್ಲ್ಸ್ ನದಿಯ ದಡದಲ್ಲಿ. ಅಲ್ಲಿ ನೀರಿನ ಬದಿಯಲ್ಲಿಯೇ ಸಾಗುವ ಸೈಕಲ್ ದಾರಿಯೊಂದಕ್ಕೆ ಅವರ ಹೆಸರನ್ನು ಇಟ್ಟಿದ್ದಾರೆ. ಮುಂಜಾನೆ ಆ ದಾರಿಯಲ್ಲಿ ತರುಣರೂ ಮುದುಕರೂ ನಡೆಯುತ್ತಾರೆ, ಓಡುತ್ತಾರೆ, ಸೈಕಲ್ ತುಳಿಯುತ್ತಾರೆ. ಅವರಲ್ಲಿ ಒಮ್ಮೆ ಹೃದಯದ ಪೆಟ್ಟನ್ನು ತಿಂದು ಮತ್ತೆ ಎದ್ದವರೂ ಇರುತ್ತಾರೆ.

ನಮ್ಮಲ್ಲಿ ಪ್ರತಿಯೊಬ್ಬನ ಸಂಬಳದ ಹಿಂದೆಯೂ ಊರಿನಲ್ಲಿ ಮನಿಯಾರ್ಡರಿಗಾಗಿ ಕಾದಿದ್ದ, ಇಂದು ಬ್ಯಾಂಕಿನ ಖಾತೆಯನ್ನು ನೋಡಿಕೊಳ್ಳುವ ಒಂದು ಸಂಸಾರವಿದೆ. ಆ ಸಂಸಾರದ ಆಧಾರಸ್ತಂಭವು ಕುಸಿಯದಂತೆ ಕಾಯುವುದು ಬಹುಮಟ್ಟಿಗೆ ನಮ್ಮ ಕಾಲುಗಳಲ್ಲಿಯೇ ಇದೆಯೆಂದು ಈ ವೈದ್ಯರ ಜೀವನವು ತಿಳಿಸುತ್ತದೆ. ನಾಳೆ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಒಂದು ನಿಲ್ದಾಣದಷ್ಟು ದೂರವನ್ನು ನಡೆದೇ ಕ್ರಮಿಸಿದರೆ, ಡಾ. ವೈಟ್ ಅವರ ಸ್ಮರಣೆಗೆ ಅದಕ್ಕಿಂತ ತಕ್ಕ ಗೌರವವು ಬೇರೊಂದಿಲ್ಲ.